ಎಂಜಿನ್ ಆರಿಸಿ ಕರೆದ ಮದುವೆ

ಹೋದ ಯುಗಾದಿಯ ಮಾರನೆಯ ದಿನ, ಅಜ್ಜಂಪುರದ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ, ನನ್ನ ಅಕ್ಕನ ಮೊಮ್ಮಗ ಎಂಟು ಜನರ ಎದುರಿಗೆ ನನ್ನನ್ನು ಕುರಿತು ಒಂದು ಮಾತು ಆಡಿದ. "ಅಜ್ಜ, ನೀವೆಲ್ಲ ರಸ್ತೆ ಬಿಟ್ಟು ಎಲ್ಲಿಗೆ ಹೋಗಿದ್ರಿ ಬಿಡಿ. ಅದಕ್ಕೆ ಗಾಡೀನೇ ಬೇರೆ ಇರ್ಬೇಕು." ಎಂಟು ಜನರಲ್ಲಿ ಐದು ಜನ ನಕ್ಕರು. ಯಾರು ಯಾರೆಂಬುದು ನನಗೆ ಚೆನ್ನಾಗಿ ನೆನಪಿದೆ. ಅವರಿಗೆ ನೆನಪಿರಲಾರದು ಎಂಬ ಒಂದೇ ಕಾರಣಕ್ಕೆ ಇಲ್ಲಿ ಬರೆಯುತ್ತಿಲ್ಲ.

ಅವನು ಹೊಸದಾಗಿ ಕೊಂಡ ಗಾಡಿ ಹೊರಗೆ ನಿಂತಿತ್ತು. ಕೈ ತೊಳೆದು, ಕನ್ನಡಕ ಒರೆಸಿಕೊಂಡು, ಅದನ್ನು ಸುತ್ತಲೂ ಒಂದು ಬಾರಿ ನೋಡಿದೆ. ತಲೆಯ ಮೇಲೆ ಮಡಚಿಟ್ಟ ಗುಡಾರ. ಹಿಂದುಗಡೆ, ಎಳೆದರೆ ಹೊರಗೆ ಬರುವ ಒಲೆ. ಪಕ್ಕದಲ್ಲಿ ನೀರಿನ ಡಬ್ಬಗಳು. ಮುಂದೆ ಹಗ್ಗ ಸುತ್ತಿಕೊಳ್ಳುವ ಯಂತ್ರ. ನಾಲ್ಕು ದೊಡ್ಡ ದೀಪ. ಹೀಗೆ ಸಜ್ಜಾದ ಗಾಡಿಯಲ್ಲಿ ರಸ್ತೆ ಬಿಟ್ಟು ಕಾಡು, ಬಯಲು ಅಲೆಯುವುದಕ್ಕೆ ಓವರ್‌ಲ್ಯಾಂಡಿಂಗ್ ಎಂದು ಹೆಸರಂತೆ. ಇಂಥ ಗಾಡಿ ಇಲ್ಲದವರು ಅದಕ್ಕೆ ಕೈಹಾಕಲೇಬಾರದಂತೆ. ಅವನಿಗೆ ತಿಳಿಯದ ಸಂಗತಿಯೆಂದರೆ, ಆ ಸಾಮಾನುಗಳಲ್ಲಿ ಹೆಚ್ಚಿನವು ನನಗೆ ಹೊಸವಲ್ಲ. ಅವನ ಸ್ವಂತ ತಾತನ, ಎಂದರೆ ತರೀಕೆರೆಯ ನನ್ನ ಭಾವನವರ ಜೀಪಿನಲ್ಲಿ ಅವನ್ನೆಲ್ಲ ಎಂಬತ್ತರ ದಶಕದ ಮೊದಲಲ್ಲೇ ನೋಡಿದ್ದೇನೆ. ಅವೆಲ್ಲ ಇದ್ದ ಆ ಜೀಪಿನಿಂದ ನಮ್ಮ ಮನೆಯ ಒಂದು ಮದುವೆ ಹೇಗೆ ಕೆಡುವುದರಲ್ಲಿತ್ತು ಎಂಬುದನ್ನೂ ನೋಡಿದ್ದೇನೆ.

ನಾನು ಆಗ ಕಡೂರಿನಲ್ಲಿ ಸರ್ವೇಯರ್ ಆಗಿದ್ದೆ. ಹೊಲ ಅಳೆಯುವ ಚೈನು, ಬಾವುಟದ ಕೋಲುಗಳು, ಟಿಪ್ಪಣಿ ಪುಸ್ತಕ, ಇವಿಷ್ಟನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಾಲ್ಲೂಕಿನ ಬಂಡಿ ದಾರಿಗಳನ್ನೆಲ್ಲ ತುಳಿದವನು. ಗಡಿ ತೋರಿಸುವ ಯಾವ ಬಾಂದು ಕಲ್ಲು ಯಾವ ಬೇಲಿಯ ಬುಡದಲ್ಲಿ ಹೂತಿದೆ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಇದನ್ನು ಹೊಗಳಿಕೆಗಾಗಿ ಬರೆಯುತ್ತಿಲ್ಲ. ಮುಂದೆ ಹೇಳಲಿರುವ ತಪ್ಪು ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಇದು ಗೊತ್ತಿರಬೇಕು.

ತಪ್ಪು ನನ್ನದೇ. ಎಪ್ಪತ್ತರ ದಶಕದ ನಡುವೆ ಅಕ್ಕನ ಮದುವೆ ತರೀಕೆರೆಯ ಈ ಭಾವನೊಂದಿಗೆ ನಿಶ್ಚಯವಾಯಿತು. ಅಪ್ಪ ಜ್ವರದಲ್ಲಿ ಮಲಗಿದ್ದರು. ಅಪ್ಪನ ಅಕ್ಕ, ಎಂದರೆ ನಮ್ಮ ಸೋದರತ್ತೆ, ಎಮ್ಮೆದೊಡ್ಡಿ ಕಾವಲಿನ ಆಚೆ ಅಂಚಿನ ಒಂದು ಹಳ್ಳಿಯಲ್ಲಿದ್ದರು. ಅಮೃತಮಹಲ್ ದನಗಳು ಮೇಯುವ ಆ ಬಯಲನ್ನು ದಾಟಿದರೇ ಅವರ ಊರು. ಅಪ್ಪ ನನ್ನನ್ನು ಕರೆದು, "ನೀನೇ ಹೋಗಿ ಅಕ್ಕನ್ನ ಕರ್ದು ಬಾ" ಎಂದರು. ನಾನು, "ಕಾವಲಲ್ಲಿ ಸೈಕಲ್ ಹೋಗಲ್ಲಪ್ಪ, ಅದಕ್ಕೆ ತಕ್ಕ ಗಾಡಿ ಬೇಕು" ಎಂದೆ. ವಾರಕ್ಕೊಮ್ಮೆ ಅದೇ ಕಾವಲಿನ ಅಂಚಿನಲ್ಲಿ ಚೈನು ಎಳೆಸುತ್ತಿದ್ದವನು ಹೀಗೆ ಹೇಳಿ, ಲಗ್ನಪತ್ರಿಕೆಯನ್ನು ಆ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ, ಅವನಿಗೂ ಅದೇ ನೆಪ ಹೇಳಿ, ಕೊಟ್ಟುಬಿಟ್ಟೆ. ಪತ್ರಿಕೆ ಯಾವುದೋ ಟೀ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಹತ್ತು ದಿನ ಕುಳಿತು, ಮದುವೆಯಾದ ಮೂರನೆಯ ದಿನ ಅತ್ತೆಯ ಕೈ ಸೇರಿತು.

ಅತ್ತೆ ಬರಲಿಲ್ಲ. ಅಲ್ಲಿಂದ ಮುಂದೆ ಆರು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅಪ್ಪ ತೀರಿಕೊಂಡಾಗ ಮಣ್ಣಿಗೆ ಬಂದರು. ತಮ್ಮನ ಮುಖ ನೋಡಿ, ಹಿಡಿ ಮಣ್ಣು ಹಾಕಿ, ಹೊಲದಿಂದಲೇ ಹಾಗೆಯೇ ತಿರುಗಿ ಹೋದರು. ಮನೆಗೆ ಬರಲಿಲ್ಲ. ಆಡಿದ ಮಾತನ್ನೂ ಆದ ಅವಮಾನವನ್ನೂ ಮರೆಯದಿರುವುದು ನಮ್ಮ ಮನೆತನದ ಗುಣ. ನನಗೆ ಅದು ಯಾರ ಕಡೆಯಿಂದ ಬಂದಿತೆಂದು ಯಾರೂ ಕೇಳಬೇಕಾಗಿಲ್ಲ.

ಆಮೇಲೆ ತಂಗಿಯ ಮದುವೆ ಗೊತ್ತಾಯಿತು. ಅವಳು ಚಿಕ್ಕವಳಿದ್ದಾಗ ಅಮ್ಮನಿಗೆ ಬಹಳ ದಿನ ಹುಷಾರಿರಲಿಲ್ಲ. ಎರಡು ವರ್ಷ ಅತ್ತೆಯ ಮಡಿಲಲ್ಲೇ ಬೆಳೆದವಳು. ಮಠದ ಅಯ್ನೋರು ಮುಹೂರ್ತ ಹೇಳಿದ ಸಂಜೆಯೇ ನನ್ನ ಹತ್ತಿರ ಬಂದು ನಿಂತಳು.

"ಅಣ್ಣ, ನನ್ ಮದ್ವೇಲಿ ಕಳಶ ಅತ್ತೇನೇ ಹಿಡೀಬೇಕು."

"ಕರೀತೀವಿ ಕಣೇ."

"ಕರೀತೀವಿ ಅಂದ್ರೆ ಹೆಂಗೆ? ಕಂಡಕ್ಟ್ರ ಕೈಲಾ?"

ಅವಳು ಮತ್ತೆ, ಈ ಸಾರಿ ಮೆಲ್ಲಗೆ, "ಅತ್ತೆ ಬರ್ದಿದ್ರೆ ನಾನು ಹಸೆ ಮೇಲೆ ಕೂತ್ಕೊಳಲ್ಲ, ಅಷ್ಟೇ" ಎಂದು ಒಳಗೆ ಹೋದಳು. ತಮಾಷೆಗೆ ಹೇಳುವ ಹುಡುಗಿಯಾಗಿರಲಿಲ್ಲ.

ನಮ್ಮ ಕಡೆ ಹತ್ತಿರದ ನೆಂಟರನ್ನು ಮದುವೆಗೆ ಕರೆಯುವ ಕ್ರಮವನ್ನು ಇಲ್ಲಿ ಹೇಳಬೇಕು, ಏಕೆಂದರೆ ಈಗಿನವರಿಗೆ ಅದು ಗೊತ್ತಿಲ್ಲ. ಅವರನ್ನು ಕೂತು ಕರೆಯಬೇಕು. ಬಂದವರು ಕಾಲು ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು, ಮನೆಯವರು ಹಾಸಿದ ಚಾಪೆಯ ಮೇಲೆ ಕೂರಬೇಕು. ಅವರು ಕೊಟ್ಟ ನೀರು ಬೆಲ್ಲ ಬಾಯಿಗೆ ಹಾಕಿಕೊಂಡು ನಾಲ್ಕು ಮಾತಾಡಬೇಕು. ಆಮೇಲೆ ಹೆಂಗಸು ಹೆಂಗಸರಿಗೆ ಕುಂಕುಮ ಕೊಟ್ಟು, ಗಂಡಸು ಎಲೆ ಅಡಿಕೆಯೊಂದಿಗೆ ಪತ್ರಿಕೆ ಇಟ್ಟು ಕರೆಯಬೇಕು. ಮನೆಯ ಯಜಮಾನ ತೀರಿಹೋಗಿದ್ದರೆ ಪತ್ರಿಕೆ ಇಡುವ ಕೈ ದೊಡ್ಡಳಿಯನದು. ನಿಂತು ಕರೆದರೆ, ಬಾಗಿಲಲ್ಲಿ ಕರೆದರೆ, ಅದು ಕರೆದ ಹಾಗಲ್ಲ.

ದೊಡ್ಡಳಿಯ ಎಂದರೆ ತರೀಕೆರೆಯ ಭಾವ. ಅವರಿಗೆ ಸುದ್ದಿ ಮುಟ್ಟಿದ ಮೂರನೆಯ ದಿನ ಅಜ್ಜಂಪುರದ ನಮ್ಮ ಬೀದಿಯಲ್ಲಿ ಎರಡು ಹಾರನ್ನುಗಳ ಸದ್ದು ಒಟ್ಟಿಗೇ ಕೇಳಿಸಿತು. ಒಂದು ಜೀಪಿಗೆ ಎರಡು ಹಾರನ್ ಏಕೆಂದು ನಾನು ಅಂದೂ ಕೇಳಿದ್ದೆ, ಸರಿಯಾದ ಉತ್ತರ ಇಂದಿಗೂ ಬಂದಿಲ್ಲ. ಯಾವುದೋ ಇಲಾಖೆ ಹರಾಜು ಹಾಕಿದ ಹಳೆಯ ಜೀಪನ್ನು ಕೊಂಡು, ತರೀಕೆರೆಯ ಗ್ಯಾರೇಜಿನಲ್ಲಿ ಎರಡು ತಿಂಗಳು ನಿಲ್ಲಿಸಿ, ಮದುಮಗಳಿಗೆ ಒಡವೆ ಹಾಕಿದ ಹಾಗೆ ಅದಕ್ಕೆ ಸಾಮಾನು ಹಾಕಿಸಿದ್ದರು. ಮೇಲೆ ಕಬ್ಬಿಣದ ಕ್ಯಾರಿಯರ್, ಕ್ಯಾರಿಯರ್ ಮೇಲೆ ಸುತ್ತಿದ ಗುಡಾರ. ಪೆಟ್ರೋಲಿಗೆ ಎರಡು ಡಬ್ಬ, ನೀರಿಗೊಂದು ಡ್ರಮ್ಮು. ಸೀಮೆಎಣ್ಣೆ ಸ್ಟೌ, ಗ್ಯಾಸ್‌ಲೈಟು, ಗುದ್ದಲಿ, ಪಿಕಾಸಿ, ಮೂವತ್ತು ಮಾರು ಹಗ್ಗ, ಮಡಚುವ ಕುರ್ಚಿ ಎರಡು. ಬಾನೆಟ್ಟಿನ ಮೇಲೆ ಒಂದು ಸರ್ಚ್‌ಲೈಟು.

ನಾನು ಹಿರೇನಲ್ಲೂರಿನವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಒಂದು ಎತ್ತಿನ ಗಾಡಿ ಮಾಡಿಕೊಂಡರೆ ಸಾಕೆಂದು ಹೇಳಿದೆ. ಭಾವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಏನಪ್ಪಾ, ಆರು ವರ್ಷದ ಹಿಂದೆ ತಕ್ಕ ಗಾಡಿ ಬೇಕು ಅಂದೋನು ನೀನೇ ಅಲ್ವಾ? ತಂದಿದೀನಿ. ಈಗ ಎತ್ತಿನ ಗಾಡಿ ಸಾಕು ಅಂತೀಯಲ್ಲೋ."

ಅಕ್ಕ ಅಡಿಗೆಮನೆಯಿಂದಲೇ ನಕ್ಕಳು. ನಾನು ಆ ಮಾತಿಗೆ ಪ್ರತಿಯಾಗಿ ಕಾಗದ ಪೆನ್ಸಿಲ್ ತೆಗೆದು, ಜೀಪಿನಲ್ಲಿದ್ದ ಸಾಮಾನನ್ನೆಲ್ಲ ಪಟ್ಟಿ ಮಾಡಿದೆ. ಅಳತೆಗೆ ಹೊರಡುವ ಮುನ್ನ ಹಾಗೆ ಮಾಡುವುದು ನನ್ನ ಅಭ್ಯಾಸ. ಇಪ್ಪತ್ತೇಳು ಬಾಬು, ಎಂದರೆ ಇಪ್ಪತ್ತೇಳು ಬಗೆ, ಆಯಿತು. ಇಪ್ಪತ್ತೆಂಟನೆಯದನ್ನು ಹುಡುಕಿದೆ, ಸಿಗಲಿಲ್ಲ.

"ಭಾವ, ಎಂಜಿನ್ ತಿರುಗ್ಸೋ ಹ್ಯಾಂಡಲ್ ಎಲ್ಲಿ?"

"ಸೀಟಿನ ಕೆಳಗಿತ್ತು. ಅಲ್ಲಿ ಗುಡಾರದ ಗೂಟ ಇಟ್ಟಿದೀನಿ. ಹ್ಯಾಂಡ್ಲು ತರೀಕೆರೇಲಿದೆ."

"ಬೇಕಾದ್ರೆ?"

"ಹ್ಯಾಂಡ್ಲು ಹೊಡೆಯೋರು ಲಾರಿಯೋರು ಕಣಯ್ಯ. ನಮ್ದು ಸೆಲ್ಫು. ಗುಂಡಿ ಒತ್ತಿದ್ರೆ ಹತ್ತತ್ತೆ. ಸೈಕಲ್ ತುಳಿಯೋರಿಗೆ ಇದೆಲ್ಲ ಗೊತ್ತಾಗಲ್ಲ ಬಿಡು."

ಈ ಕೊನೆಯ ವಾಕ್ಯವನ್ನು ನಾನು ಪಟ್ಟಿಯ ಕೆಳಗೆ ಬರೆದುಕೊಂಡೆ.

ಆ ದಿನ ಕತ್ತಲಾಗುತ್ತಲೇ ಭಾವ ಬೀದಿಯವರಿಗೆಲ್ಲ ಸರ್ಚ್‌ಲೈಟಿನ ಪ್ರದರ್ಶನ ಏರ್ಪಡಿಸಿದರು. ಬೆಳಕು ರೈಲ್ವೆ ಗೇಟಿನವರೆಗೂ ಹೋಯಿತು. ತೆಂಗಿನ ಮರದ ತುದಿಯಲ್ಲಿದ್ದ ಗೂಬೆ ಎದ್ದು ಹಾರಿತು. ಎಲ್ಲರೂ ಮೆಚ್ಚಿದರು. ಬೆಳಿಗ್ಗೆ ನಾವು ಮೂವರೂ, ಎಂದರೆ ಭಾವ, ರೇಷ್ಮೆ ಸೀರೆಯುಟ್ಟ ಅಕ್ಕ ಮತ್ತು ಪತ್ರಿಕೆಯ ಚೀಲ ಹಿಡಿದ ನಾನು, ಜೀಪಿನಲ್ಲಿ ಕುಳಿತೆವು. ಭಾವ ಗುಂಡಿ ಒತ್ತಿದರು. ಜೀಪು 'ಟಕ್' ಎಂದಿತು. ಎರಡನೆಯ ಸಾರಿ ಒತ್ತಿದಾಗ ಅದನ್ನೂ ಅನ್ನಲಿಲ್ಲ. ಬ್ಯಾಟರಿಯಲ್ಲಿದ್ದುದನ್ನೆಲ್ಲ ಗೂಬೆಗೆ ತೋರಿಸಿ ಮುಗಿಸಿದ್ದೆವು.

ಹಿಂದಿನ ಸಂಜೆ ಬೆಳಕು ನೋಡಿದವರೇ ಬಂದು ತಳ್ಳಿದರು. "ಒಂದ್ಸಲ ಹತ್ತಿದ್ರೆ ಸಾಕು, ಓಡ್ತಾ ಓಡ್ತಾ ಚಾರ್ಜ್ ಆಗತ್ತೆ" ಎಂದರು ಭಾವ. ಕಡೂರಿನವರೆಗೂ ಓಡಿತು, ಚಾರ್ಜ್ ಆಗಲಿಲ್ಲ. ಕಡೂರಿನಲ್ಲಿ ಎರಡು ಮನೆಗಳನ್ನು ಕರೆಯಬೇಕಿತ್ತು. ಇಳಿಜಾರಿರುವ ಜಾಗ ಹುಡುಕಿ ಜೀಪು ನಿಲ್ಲಿಸಿ, ಅಲ್ಲಿಂದ ಕಾಲು ಮೈಲಿ ನಡೆದು ಹೋಗಿ ಕರೆದೆವು. ಮೂವತ್ತು ಮಾರು ಹಗ್ಗವೂ ಎರಡು ಹಾರನ್ನೂ ಇರುವ ಜೀಪನ್ನು ಊರಾಚೆ ಬಿಟ್ಟು ಬಿಸಿಲಿನಲ್ಲಿ ನಡೆಯುವುದೇಕೆಂದು ಅಕ್ಕ ಕೇಳಿದಳು. ಭಾವ, "ಪೇಟೇಲಿ ಗಾಡಿ ನಿಲ್ಸೋಕೆ ಜಾಗ ಇಲ್ಲ ಕಣೇ" ಎಂದರು. ಆ ಕಾಲದ ಕಡೂರಿನ ಪೇಟೆಯಲ್ಲಿ ಜಾಗವಿಲ್ಲವೆಂದು ಹೇಳಿದ ಮೊದಲ ಮನುಷ್ಯ ಅವರೇ ಇರಬೇಕು.

ಹಿರೇನಲ್ಲೂರಿನಲ್ಲಿ ಇಳಿಜಾರು ಸಿಗಲಿಲ್ಲ. ದೂರದ ಚಿಕ್ಕಪ್ಪನೊಬ್ಬರ ಮನೆಯಲ್ಲಿ ಕೂತು ಕರೆದು, ಮಜ್ಜಿಗೆ ಕುಡಿದು ಹೊರಗೆ ಬಂದ ಮೇಲೆ ಆ ಚಿಕ್ಕಪ್ಪನೂ ಅವರ ಬೀದಿಯವರೂ ಪಂಚೆ ಎತ್ತಿ ಕಟ್ಟಿಕೊಂಡು ತಳ್ಳಬೇಕಾಯಿತು. ಜೀಪು ಹತ್ತಿದಾಗ ಚಿಕ್ಕಪ್ಪ ಏದುಸಿರು ಬಿಡುತ್ತ ಕೇಳಿದರು: "ಮದ್ವೇಗೆ ಕರೆಯೋಕೆ ಬಂದಿದ್ರೋ, ಗಾಡಿ ತಳ್ಳೋಕೆ ಕರೆಯೋಕೆ ಬಂದಿದ್ರೋ?"

ಕಾವಲಿಗೆ ಇಳಿದ ಮೇಲೆ ಮಾತ್ರ ಜೀಪು ಚೆನ್ನಾಗಿ ಹೋಯಿತು, ಮೆಚ್ಚಬೇಕಾದ್ದನ್ನು ಮೆಚ್ಚಲೇಬೇಕು. ಕೆಂಪು ನೊರಜುಗಲ್ಲು, ಒಣ ಹುಲ್ಲು, ನಡುನಡುವೆ ಜಾಲಿ. ದೂರದಲ್ಲಿ ಬೂದು ಬಣ್ಣದ ಉದ್ದ ಕೊಂಬಿನ ದನಗಳು ತಲೆಯೆತ್ತಿ ನಮ್ಮನ್ನು ನೋಡಿದವು. ಒಂದು ಮರಳು ಹಳ್ಳವನ್ನೂ ಜೀಪು ಒಂದೇ ಉಸಿರಿಗೆ ದಾಟಿತು. ಭಾವ ನನ್ನ ಕಡೆ ನೋಡಿದರು. ನಾನು ಹೊರಗೆ ನೋಡಿದೆ.

ಅತ್ತೆಯ ಮನೆ ಊರಿನ ಕೊನೆಯಲ್ಲಿ, ಸಮತಟ್ಟು ಬೀದಿಯ ತುದಿಯಲ್ಲಿತ್ತು. ಅಲ್ಲಿಂದ ಮುಂದಕ್ಕೆ ದಾರಿಯೇ ಇಲ್ಲ. ಗಾಡಿ ಉರುಳಿಸುವಷ್ಟು ಇಳಿಜಾರೂ ಇಲ್ಲ. ಮಧ್ಯಾಹ್ನ ಎರಡರ ಹೊತ್ತು. ಗಂಡಸರೆಲ್ಲ ಹೊಲದಲ್ಲಿದ್ದರು, ತಳ್ಳುವವರು ಯಾರೂ ಕಾಣಲಿಲ್ಲ. ಭಾವ ಎಂಜಿನ್ ಆರಿಸಲಿಲ್ಲ. ಕಾಲು ತೆಗೆದರೆ ಅದು ತಾನಾಗಿಯೇ ನಿಲ್ಲುತ್ತಿತ್ತು. ಆದ್ದರಿಂದ ಆಕ್ಸಿಲರೇಟರಿನ ಮೇಲೆ ಕಾಲಿಟ್ಟುಕೊಂಡು ಕೂತಲ್ಲೇ ಕೂತರು.

"ನೀವಿಬ್ರೂ ಹೋಗಿ ಕರ್ದು ಬನ್ನಿ. ಐದು ನಿಮಿಷ. ನಾನಿಲ್ಲೇ ಇರ್ತೀನಿ."

"ಪತ್ರಿಕೆ ಇಡೋರು ನೀವು" ಎಂದೆ.

"ಇಲ್ಲಿಂದ್ಲೇ ಕೈ ಮುಗೀತೀನಿ ಬಿಡಯ್ಯ. ನಿಲ್ಸಿದ್ರೆ ನಿಮ್ಮಪ್ಪ ಬಂದು ತಳ್ತಾರಾ?"

ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಹೇಳಿದ ಮೇಲೆ ಭಾವನ ಮುಖವೂ ಸಪ್ಪಗಾಯಿತು. ಆದರೆ ಕಾಲು ಮಾತ್ರ ಅಲ್ಲೇ ಇತ್ತು.

ಅತ್ತೆ ಬಾಗಿಲಿಗೆ ಬಂದರು. ಅಕ್ಕನನ್ನು ನೋಡಿ ಅವರ ಮುಖ ಒಂದು ಗಳಿಗೆ ಅರಳಿದ್ದು ನಿಜ. ಆಮೇಲೆ ಕಣ್ಣು ಜೀಪಿನ ಕಡೆ ಹೋಯಿತು. ಅದು ಅವರ ಅಂಗಳದ ತುಂಬ ಹೊಗೆ ಬಿಡುತ್ತ, ನಡುಗುತ್ತ ನಿಂತಿತ್ತು. ಕಟ್ಟಿದ್ದ ಕರು ಹಗ್ಗ ಜಗ್ಗುತ್ತಿತ್ತು. ಭಾವ ಕೂತಲ್ಲಿಂದಲೇ ಕೈ ಮುಗಿದು ಏನೋ ಕೂಗಿದರು; ಒಂದು ಅಕ್ಷರವೂ ಕೇಳಿಸಲಿಲ್ಲ.

"ಯಾಕಪ್ಪಾ, ಅಳಿಯಂದ್ರು ಇಳಿಯಲ್ವಾ?" ಅತ್ತೆ ನನ್ನನ್ನು ಕೇಳಿದರು.

"ನಿಲ್ಸಿದ್ರೆ ಮತ್ತೆ ಹತ್ತಲ್ಲ ಅತ್ತೆ ಅದು."

"ಓಹೋ. ಅಂದ್ರೆ ಕೂರೋಕೆ ಬಂದೋರಲ್ಲ."

"ಹಂಗಲ್ಲ ಅತ್ತೆ..."

"ಹೆಂಗೆ ಮತ್ತೆ? ಅವತ್ತು ಕಂಡಕ್ಟ್ರ ಕೈಲಿ ಕಳ್ಸಿದ್ರಿ. ಇವತ್ತು ಗುರುಗುಟ್ಟೋ ಗಾಡಿನೇ ತಂದು ಬಾಗ್ಲಲ್ಲಿ ನಿಲ್ಸಿದ್ರಿ. ಆ ಕಂಡಕ್ಟ್ರಾದ್ರೂ ಟೀ ಅಂಗ್ಡೀಲಿ ಇಳಿದು ಎರಡು ಮಾತಾಡ್ದ ಕಣಪ್ಪ." ಅತ್ತೆ ಜಗಲಿಯ ಕಡೆ ಕೈ ತೋರಿಸಿದರು. "ಅಲ್ಲಿಟ್ಟು ಹೋಗಿ. ಹೊತ್ತಾಯ್ತದೆ ನಿಮ್ಗೆ."

ಅಕ್ಕನ ಕೈಗೆ ಒಂದು ಚೊಂಬು ನೀರು ಕೊಟ್ಟು ಅವರು ಒಳಗೆ ಹೋದರು. ಚಾಪೆ ಹಾಸಲಿಲ್ಲ. ನಾನು ಪತ್ರಿಕೆಯನ್ನು ಜಗಲಿಯ ಮೇಲೆ ಇಡಲಿಲ್ಲ. ಜಗಲಿಯ ಮೇಲಿಟ್ಟ ಪತ್ರಿಕೆಗೂ ಗಲ್ಲಾಪೆಟ್ಟಿಗೆಯ ಮೇಲಿಟ್ಟದ್ದಕ್ಕೂ ವ್ಯತ್ಯಾಸವಿಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡು ಜೀಪು ಹತ್ತಿದೆ.

ಕಾವಲಿನಲ್ಲಿ ಎರಡು ಮೈಲಿ ಹಿಂದಕ್ಕೆ ಬಂದೆವು. ಮರಳು ಹಳ್ಳಕ್ಕೆ ಇಳಿಯುವಾಗ ಅಕ್ಕ, ಯಾರಿಗೂ ಅಲ್ಲವೆಂಬಂತೆ, "ನನ್ ಮದ್ವೇಗೂ ಅತ್ತೆ ಇಲ್ಲ, ಅವಳ್ ಮದ್ವೇಗೂ ಇಲ್ಲ. ಒಂದ್ಸಲ ಗಾಡಿ ಇಲ್ಲ ಅಂತ, ಒಂದ್ಸಲ ಗಾಡಿ ಐತೆ ಅಂತ" ಎಂದಳು. ಭಾವ ಉತ್ತರ ಕೊಡಲು ಹಿಂದೆ ತಿರುಗಿದರು. ಕಾಲು ಜಾರಿತು. ಹಳ್ಳದ ನಟ್ಟನಡುವೆ ಎಂಜಿನ್ ನಿಂತಿತು.

ಅಂದು ಬೆಳಗಿನಿಂದ ಮೊದಲ ಬಾರಿಗೆ ನಮಗೆ ಹಕ್ಕಿಗಳ ಸದ್ದು ಕೇಳಿಸಿತು.

ಭಾವ ಧೈರ್ಯಗೆಡಲಿಲ್ಲ. "ಇದಕ್ಕೇ ಅಲ್ವೇನೋ ಎಲ್ಲಾ ತಂದಿರೋದು? ಗುಡಾರ ಹಾಕಾಣ, ಸ್ಟೌ ಹಚ್ಚಿ ಕಾಫಿ ಕಾಯ್ಸಾಣ. ದನ ಕಾಯೋರು ಯಾರಾದ್ರೂ ಬತ್ತಾರೆ, ತಳ್ಸಾಣ" ಎಂದು ಮಡಚುವ ಕುರ್ಚಿ ಬಿಚ್ಚಿ ಹಾಕಿದರು. ಆ ಕುರ್ಚಿಯನ್ನು ನೋಡಿ ನನಗೆ ಬಂದ ಸಿಟ್ಟನ್ನು ಇಷ್ಟು ವರ್ಷದ ಮೇಲೂ ಅಳೆದು ಹೇಳಬಲ್ಲೆ. ಕೂತು ಕರೆಯಬೇಕಾದ ಮನೆಯಲ್ಲಿ ಕೂರದೆ ಬಂದವರು, ಯಾರೂ ಇಲ್ಲದ ಹಳ್ಳದಲ್ಲಿ ಕೂರಲು ಎರಡು ಕುರ್ಚಿ ತಂದಿದ್ದರು.

ನಾನು ಎಲೆ ಅಡಿಕೆಯ ಚೀಲ ತೆಗೆದುಕೊಂಡು ಬಂದ ದಾರಿಗೆ ತಿರುಗಿದೆ. "ಎಲ್ಲಿಗೋ?" ಎಂದರು ಭಾವ. "ಅತ್ತೆ ಮನೆಗೆ" ಎಂದೆ. ಅಕ್ಕ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಂಕುಮದ ಭರಣಿ ಹಿಡಿದು, ನನ್ನ ಹಿಂದೆ ಹೊರಟಳು.

"ನೀವು ಗಾಡಿ ಕಾಯ್ತಾ ಇರ್ರೀ" ಎಂದಳು ಗಂಡನಿಗೆ. "ಯಾರಾದ್ರೂ ಎತ್ಕೊಂಡ್ ಹೋದಾರು."

ಎರಡು ಮೈಲಿ ಎಂದರೆ ಅಳತೆಯವನಿಗೆ ದೂರವೇ ಅಲ್ಲ. ಜೀಪು ಸುತ್ತಿ ಬಂದಿದ್ದ ಕಡೆ ನಾನು ಹಳೆಯ ಬಂಡಿ ದಾರಿ ಹಿಡಿದೆ. ಮೂರು ಬಾಂದು ಕಲ್ಲುಗಳನ್ನು ದಾಟುವುದರೊಳಗೆ ಊರಿನ ಬೇವಿನ ಮರ ಕಾಣಿಸಿತು. ಆರು ವರ್ಷದ ಹಿಂದೆ ಈ ದಾರಿಯಲ್ಲಿ ಸೈಕಲ್ ಹೋಗುತ್ತಿತ್ತೇ ಎಂದು ನೆಲ ನೋಡಿಕೊಂಡೇ ನಡೆದೆ. ಹೋಗುತ್ತಿತ್ತು. ಎರಡು ಕಡೆ ಇಳಿದು ತಳ್ಳಬೇಕಾಗುತ್ತಿತ್ತು, ಅಷ್ಟೇ.

ಅತ್ತೆ ಅಂಗಳದಲ್ಲಿ ಕರುವಿಗೆ ಹುಲ್ಲು ಹಾಕುತ್ತಿದ್ದರು. ಮಾವ ಹೊಲದಿಂದ ಬಂದು ಜಗಲಿಯಲ್ಲಿ ಕೂತಿದ್ದರು. ಮಾವ ಬಹಳ ಕಡಿಮೆ ಮಾತಿನವರು; ನಮ್ಮನ್ನು ನೋಡಿ ಎದ್ದು ನಿಂತರು, ಅಷ್ಟೇ. ಅತ್ತೆ ಮೊದಲು ನಮ್ಮ ಹಿಂದೆ ನೋಡಿದರು.

"ಗಾಡಿ ಎಲ್ಲಿ?"

"ಹಳ್ಳದಲ್ಲಿ ನಿಂತೋಯ್ತು ಅತ್ತೆ."

"ನಡ್ಕೊಂಡ್ ಬಂದ್ರಾ?"

"ಹೂಂ."

ಅತ್ತೆ ನನ್ನ ಧೂಳು ಮೆತ್ತಿದ ಕಾಲನ್ನು ಬಹಳ ಹೊತ್ತು ನೋಡಿದರು. "ನಡೆಯೋಕೆ ಬತ್ತದಾ ನಿಂಗೆ? ಸರ್ಕಾರದ ಚೈನು ಹೊತ್ಕೊಂಡು ಕಾವಲೆಲ್ಲಾ ಸುತ್ತೋನಿಗೆ ನಮ್ಮನೆಗೆ ಮಾತ್ರ ದಾರಿ ಇಲ್ಲ ಅಂದ್ಕೊಂಡಿದ್ದೆ. ಸೈಕಲ್ಲೇ ಹೋಗದ ಊರಂತೆ ನಮ್ದು!"

ಕಂಡಕ್ಟರ್ ಪತ್ರಿಕೆಯನ್ನು ಹತ್ತು ದಿನ ತಡವಾಗಿ ತಲುಪಿಸಿದ್ದ. ನನ್ನ ನೆಪವನ್ನು ಮಾತ್ರ ಒಂದಕ್ಷರ ಬಿಡದೆ ತಲುಪಿಸಿದ್ದ. ನಾನು ಎಷ್ಟೋ ಸಮಜಾಯಿಷಿಗಳನ್ನು ಯೋಚಿಸಿಕೊಂಡು ಬಂದಿದ್ದೆ. ಅವನ್ನೆಲ್ಲ ಬಿಟ್ಟೆ.

"ತಪ್ಪಾಯ್ತು ಅತ್ತೆ. ನಂದೇ ತಪ್ಪು. ಅಪ್ಪ ಹೋಗು ಅಂದಿದ್ರು, ನಾನೇ ಬರಲಿಲ್ಲ."

ಅತ್ತೆ ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದು ನನ್ನ ಮುಂದೆ ಇಟ್ಟರು. "ಕಾಲು ತೊಳ್ಕೊ." ನಾನು ತೊಳೆದುಕೊಂಡೆ. ಅಕ್ಕನೂ ತೊಳೆದುಕೊಂಡಳು. ಇನ್ನೇನು ಚಾಪೆ ಹಾಸುತ್ತಾರೆಂದು ಕಾಯುತ್ತಿದ್ದರೆ ಅತ್ತೆ ಬಾಗಿಲಲ್ಲೇ ನಿಂತರು.

"ನೀವಿಬ್ರು ಕೂತ್ರೆ ಆಗಲ್ಲ. ನನ್ ತವರಿನ ದೊಡ್ಡಳಿಯ ಹಳ್ಳದಲ್ಲಿ ಕೂತಿರುವಾಗ ನಾನು ಯಾರಿಗೆ ಚಾಪೆ ಹಾಸ್ಲಿ?" ಮಾವನ ಕಡೆ ತಿರುಗಿದರು. "ಎತ್ತು ಕಟ್ಟಿ."

ಮಾವ ಎತ್ತು ಕಟ್ಟಿದರು. ಗಾಡಿಯಲ್ಲಿ ಹುಲ್ಲು ಹಾಸಿತ್ತು. ಒಂದು ನೀರಿನ ಗಡಿಗೆ, ಒಂದು ಬಾರುಕೋಲು. ನಾನು ಅಭ್ಯಾಸಬಲದಿಂದ ಲೆಕ್ಕ ಹಾಕಿದೆ: ಒಟ್ಟು ಮೂರು ಬಾಬು. ಆ ಮೂರರ ನಡುವೆ ನಾವು ನಾಲ್ವರೂ ಕೂತು ಹಳ್ಳಕ್ಕೆ ಬಂದೆವು.

ಅಲ್ಲಿ ಭಾವ ಕುರ್ಚಿಯಲ್ಲಿರಲಿಲ್ಲ. ಕಾವಲಿನ ದನಗಳು ನೀರಿಗೆಂದು ಹಳ್ಳಕ್ಕೆ ಇಳಿದಿದ್ದವು. ಅವು ಮನೆಯ ಹಸುಗಳಲ್ಲ. ಹೊಸಬರನ್ನು ಕಂಡರೆ ಕೊಂಬು ಬಾಗಿಸಿ ಸುತ್ತುವರಿಯುವ ಜಾತಿ. ಇಪ್ಪತ್ತೈದು ಮೂವತ್ತು ದನಗಳ ನಡುವೆ ಜೀಪು, ಜೀಪಿನ ಮೇಲೆ ಕ್ಯಾರಿಯರ್, ಕ್ಯಾರಿಯರ್ ಮೇಲೆ ಗುಡಾರದ ಸುರುಳಿ, ಅದರ ಮೇಲೆ ಭಾವ. ಎರಡು ಹಾರನ್ನುಗಳಲ್ಲಿ ಒಂದೂ ಕೂಗುವ ಸ್ಥಿತಿಯಲ್ಲಿರಲಿಲ್ಲ. ಒಂದು ಹಸು ಕುರ್ಚಿಯ ಬಟ್ಟೆಯನ್ನು ನಿಧಾನವಾಗಿ ಅಗಿಯುತ್ತಿತ್ತು.

ಅತ್ತೆ ಗಾಡಿಯಿಂದ ಇಳಿದು, ನಾಲಿಗೆಯಲ್ಲಿ ಎಂಥದೋ ಸದ್ದು ಮಾಡಿ ಎರಡು ಹೆಜ್ಜೆ ಮುಂದೆ ಹೋದರು. ದನಗಳು ದಾರಿ ಬಿಟ್ಟವು.

"ಈಗ ಇಳಿಯಬೋದು ಅಳಿಯಂದ್ರು" ಎಂದರು. "ಗಾಡಿ ನಿಂತೈತಲ್ಲ."

ಭಾವ ಇಳಿದರು. ಮಾವ ಎತ್ತುಗಳನ್ನು ಗಾಡಿಯಿಂದ ಬಿಚ್ಚಿ, ನೊಗ ಹಿಡಿದು, ಜೀಪಿನ ಮುಂದೆ ತಂದು ನಿಲ್ಲಿಸಿದರು. ಕಟ್ಟಲು ಏನಾದರೂ ಬೇಕೆಂದು ಸುತ್ತ ನೋಡಿದರು. ಭಾವನ ಮುಖ ಬೆಳಗಾಯಿತು. ಓಡಿ ಹೋಗಿ ಮೂವತ್ತು ಮಾರು ಹಗ್ಗ ಎಳೆದು ತಂದರು.

"ನೋಡ್ದ್ಯೇನೋ? ಹಗ್ಗ ಯಾಕೆ ಅಂತಿದ್ದೆ. ಉಪಯೋಗ ಆಯ್ತೋ ಇಲ್ವೋ?"

ಮುಂದೆ ಬದುಕಿರುವವರೆಗೂ ಅವರು ಈ ಸಂಗತಿಯನ್ನು ಹಗ್ಗದ ಮಹಿಮೆಯಾಗಿಯೇ ಹೇಳಿದರು. ಹಗ್ಗ ಅವರದು, ಒಪ್ಪುತ್ತೇನೆ. ಎಳೆದವು ಮಾವನ ಎತ್ತುಗಳು.

ಎತ್ತಿನ ಗಾಡಿಯನ್ನು ಬೆಳಿಗ್ಗೆ ಒಯ್ಯಲೆಂದು ದಡದಲ್ಲೇ ಬಿಟ್ಟಿದ್ದರಿಂದ ಅತ್ತೆಗೆ ಕೂರಲು ಬೇರೆ ಜಾಗವಿರಲಿಲ್ಲ. ಜೀಪಿನ ಮುಂದಿನ ಸೀಟಿನಲ್ಲಿ, ಸ್ಟಿಯರಿಂಗ್ ಹಿಡಿದ ಭಾವನ ಪಕ್ಕ ಕೂತರು. ನಾನೂ ಅಕ್ಕನೂ ಹಿಂದಿನಿಂದ ತಳ್ಳಿದೆವು. ಹಳ್ಳದೊಳಗೇ ಅತ್ತೆಯ ಊರಿನ ಕಡೆ ತಿರುಗಿ ದಡ ಹತ್ತಿದ ಮೇಲೆ ಎತ್ತುಗಳು ತಮ್ಮ ನಡಿಗೆಗೆ ಬಂದವು. ಇಪ್ಪತ್ತೇಳು ಬಾಬು ಸಾಮಾನಿನ ಜೀಪು ಕಾವಲಿನ ಹುಲ್ಲಿನಲ್ಲಿ ಸದ್ದಿಲ್ಲದೆ ಸಾಗಿತು. ಗಂಟೆಯ ದನಿಯೊಂದೇ ಕೇಳುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಅತ್ತೆ ಸೀಟನ್ನು ಕೈಯಿಂದ ಒತ್ತಿ ನೋಡಿ, "ಹಿಂಗೆ ಹೋದ್ರೆ ಚೆನ್ನಾಗೇ ಐತೆ ಕಣಪ್ಪ ನಿನ್ ಗಾಡಿ" ಎಂದರು. ಭಾವ ನಕ್ಕರು. ಆಮೇಲೆ ಸ್ಟಿಯರಿಂಗ್ ನೋಡಿಕೊಂಡೇ, "ತಪ್ಪಾಯ್ತು ಅತ್ತೆ, ಇಳೀಬೇಕಿತ್ತು" ಎಂದದ್ದು ಹಿಂದೆ ನಡೆಯುತ್ತಿದ್ದ ನನಗೂ ಕೇಳಿಸಿತು.

ದೀಪ ಹಚ್ಚುವ ಹೊತ್ತಿಗೆ ಅತ್ತೆಯ ಅಂಗಳ ತಲುಪಿದೆವು. ಚಾಪೆ ಬಂತು, ವಿಭೂತಿಯ ತಟ್ಟೆ ಬಂತು, ನೀರು ಬೆಲ್ಲ ಬಂತು. ಭಾವ ಚಕ್ಕಳಬಕ್ಕಳ ಹಾಕಿ ಕೂತು, ಎಲೆ ಅಡಿಕೆಯ ಮೇಲೆ ಪತ್ರಿಕೆ ಇಟ್ಟು ಮುಂದೆ ಸರಿಸಿದರು. ಅತ್ತೆ ತಕ್ಷಣ ಮುಟ್ಟಲಿಲ್ಲ. ಹೊರಗೆ ಕತ್ತಲಲ್ಲಿ ಸುಮ್ಮನೆ ನಿಂತಿದ್ದ ಜೀಪಿನ ಕಡೆ ಒಮ್ಮೆ ನೋಡಿದರು.

"ಈಗ ಹೇಳಪ್ಪ. ಈಗ ಕೇಳಿಸ್ತದೆ."

"ನಿಮ್ಮ ಕೈಯಲ್ಲಿ ಬೆಳೆದ ಮಗಳ ಮದುವೆ ಅತ್ತೆ. ನೀವೇ ಬಂದು ನಿಂತು ನಡೆಸಿಕೊಡಬೇಕು" ಎಂದರು ಭಾವ. ಅಕ್ಕ ಕುಂಕುಮ ಕೊಟ್ಟಳು. ಭರಣಿ ಮುಚ್ಚುವ ಮುನ್ನ ಇನ್ನೊಮ್ಮೆ ಕೊಟ್ಟಳು. ಅವಳ ಮದುವೆಯಲ್ಲಿ ಆಗಬೇಕಿದ್ದದ್ದೂ ಅದೇ ಗಳಿಗೆಯಲ್ಲಿ ಸೇರಿತ್ತೆಂದು ಕಾಣುತ್ತದೆ. ಅತ್ತೆ ಪತ್ರಿಕೆ ಎತ್ತಿಕೊಂಡು ಕಣ್ಣಿಗೊತ್ತಿಕೊಂಡರು.

ಬೆಳಿಗ್ಗೆ ಊರಿನವರೆಲ್ಲ ಸೇರಿ ಜೀಪು ತಳ್ಳಿದರು. ಮದುವೆಗೆ ಕರೆದುಕೊಂಡು ಹೋಗಲು ತಾನೇ ಜೀಪು ತರುವೆನೆಂದು ಭಾವ ಕೂಗಿ ಹೇಳಿದಾಗ ಅತ್ತೆ, "ಎತ್ತು ಕಟ್ಕೊಂಡು ಬಾ, ಹತ್ತೀನಿ" ಎಂದರು.

ಮುಹೂರ್ತಕ್ಕೆ ಐದು ದಿನ ಮೊದಲೇ, ಹುಲ್ಲು ಹಾಸಿದ ಅದೇ ಗಾಡಿಯಲ್ಲಿ, ಬೀರೂರಿನಲ್ಲಿ ಒಂದು ರಾತ್ರಿ ಇಳಿದು, ಅತ್ತೆ ಮಾವ ಅಜ್ಜಂಪುರಕ್ಕೆ ಬಂದರು. ತಂಗಿ ಬೀದಿಯವರೆಗೂ ಓಡಿದಳು. ಅತ್ತೆ ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತರು, ಅಮ್ಮ ಒಳಗಿನಿಂದ ಕೈ ನೀಡಿದರು, ಅತ್ತೆ ದಾಟಿದರು. ಕೂತ ಮೇಲೆ ಮಾಡಿದ ಮೊದಲ ಕೆಲಸವೆಂದರೆ, ಸಂಚಿಯಿಂದ ಟೀ ಕಲೆಯಾದ ಒಂದು ಹಳೆಯ ಲಗ್ನಪತ್ರಿಕೆ ತೆಗೆದು ನನ್ನ ಕೈಗಿಟ್ಟದ್ದು.

"ಇದು ನಿಂದು. ಇಟ್ಕೊ. ನಂಗೆ ಈಗ ಬೇರೆ ಐತೆ."

ಧಾರೆಯ ಹೊತ್ತಿನಲ್ಲಿ ಕಳಶ ಹಿಡಿದು ಅವರು ತಂಗಿಯ ಪಕ್ಕದಲ್ಲಿ ನಿಂತದ್ದನ್ನು ನಾನು ಕಂಬದ ಮರೆಯಿಂದ ನೋಡಿದೆ. ಆ ಪತ್ರಿಕೆ ಇಂದಿಗೂ ನನ್ನ ಟ್ರಂಕಿನಲ್ಲಿ, ಹಳೆಯ ಟಿಪ್ಪಣಿ ಪುಸ್ತಕಗಳ ನಡುವೆ ಇದೆ. ಇಪ್ಪತ್ತೇಳು ಬಾಬಿನ ಪಟ್ಟಿಯೂ ಅದರೊಳಗೇ ಇದೆ.

ಹೋದ ವಾರ ಅಕ್ಕನ ಮೊಮ್ಮಗನ ಗಾಡಿ ನಮ್ಮ ಬಾಗಿಲಿಗೆ ಬಂದು ನಿಂತಿತು. ಕಿಟಕಿಯ ಗಾಜು ಅರ್ಧ ಇಳಿಸಿ, ಎಂಜಿನ್ ಆರಿಸದೆ ಕೂಗಿದ: "ಅಜ್ಜ, ಎಮ್ಮೆದೊಡ್ಡಿ ಕಾವಲಿಗೆ ಹೋಗ್ತಿದೀವಿ. ದಾರಿ ನಿಮ್ಗೆ ಗೊತ್ತಂತಲ್ಲ, ಬತ್ತೀರಾ?"

ನಾನು ಜಗಲಿಯಿಂದ ಏಳಲಿಲ್ಲ. "ಮೊದ್ಲು ಆರ್ಸು" ಎಂದೆ. "ಇಳಿ. ಒಳಗೆ ಬಾ."

ಆರಿಸಿದ. ಇಳಿದ. ಬಂದು ಕೂತ, ನೀರು ಬೆಲ್ಲ ಕೊಟ್ಟೆ, ಬಾಯಿಗೆ ಹಾಕಿಕೊಂಡ. ಆಮೇಲೆ, ಸ್ವಲ್ಪ ಯೋಚಿಸಿ, ಸರಿಯಾಗಿಯೇ ಕರೆದ. ನಾನು ಚಪ್ಪಲಿ ಮೆಟ್ಟಿಕೊಂಡು, ಪಟ್ಟಿಗೆಂದು ಕಾಗದ ಪೆನ್ಸಿಲ್ ಜೇಬಿಗಿಟ್ಟುಕೊಂಡು, ಗಾಡಿ ಹತ್ತುವ ಮುನ್ನ ಕೇಳಿದೆ:

"ಹ್ಯಾಂಡಲ್ ಇದೆಯೇನೋ?"

ಅವನು ನಕ್ಕ. ಅದನ್ನೂ ಬರೆದುಕೊಂಡಿದ್ದೇನೆ.